ಕಂಪ್ಯೂಟರ್ ಲೆಕ್ಕ ನಂಬಿ ಕೊಟ್ಟ ಶಿಕ್ಷೆ: ದೋಷ ಪತ್ತೆಯ ಕೈಪಿಡಿ

ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತು ದುಡಿದವರಿಗೆ ಸಂಜೆಯ ಆ ಹೊತ್ತು ಚೆನ್ನಾಗಿ ಗೊತ್ತಿರುತ್ತದೆ. ಪುಸ್ತಕದ ಶಿಲ್ಕು ಒಂದು ಹೇಳುತ್ತದೆ, ಪೆಟ್ಟಿಗೆಯಲ್ಲಿರುವ ನೋಟು ಇನ್ನೊಂದು ಹೇಳುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸಂಜೆ 2,700 ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದರೂ ಅಷ್ಟೇ. ಪಕ್ಕದ ಹಿರಿಯ ಕ್ಯಾಷಿಯರ್ ಎದ್ದು ಬಂದರು. "ಒಂಬತ್ತರಿಂದ ಭಾಗವಾಗುತ್ತದೆಯೇ ನೋಡು" ಎಂದರು. ಆಗುತ್ತಿತ್ತು. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಹತ್ತು ನಿಮಿಷದಲ್ಲಿ ಸಿಕ್ಕಿತು: ಗ್ರಾಹಕರೊಬ್ಬರು ಕಟ್ಟಿದ 2,500 ರೂಪಾಯಿಯನ್ನು ನಾನು 5,200 ಎಂದು ಬರೆದಿದ್ದೆ.

ಅವರು ನನ್ನ ಜೇಬು ನೋಡಲಿಲ್ಲ. ಮೊದಲು ಸಂಖ್ಯೆಯನ್ನು ನೋಡಿದರು. ಕೊರತೆ ಎಂದರೆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ. ಯಾರೋ ಹಣ ತೆಗೆದಿದ್ದಾರೆ ಎಂಬುದು ಆ ವ್ಯತ್ಯಾಸಕ್ಕೆ ಇರಬಹುದಾದ ಹಲವು ವಿವರಣೆಗಳಲ್ಲಿ ಒಂದು.

ಬ್ರಿಟನ್ನಿನ ಅಂಚೆ ಸಂಸ್ಥೆಯಾದ ಪೋಸ್ಟ್ ಆಫೀಸ್ ಇಷ್ಟನ್ನು ಮರೆತಿತು. 1999ರಿಂದ 2015ರವರೆಗೆ ಅಲ್ಲಿ 900ಕ್ಕೂ ಹೆಚ್ಚು ಉಪ ಅಂಚೆ ಕಚೇರಿ ನಡೆಸುವವರು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಹೆಚ್ಚಿನವರ ವಿರುದ್ಧ ಇದ್ದ ಮುಖ್ಯ ಸಾಕ್ಷ್ಯ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ತೋರಿಸಿದ ಕೊರತೆ. ಆ ಶಿಕ್ಷೆಗಳನ್ನು ಬಿಡಿಸಲು ಇಪ್ಪತ್ತು ವರ್ಷಗಳೇ ಹಿಡಿದವು. ಬಿಡಿಸಿದವರು ಹಿಡಿದ ದಾರಿಯನ್ನು ಇಲ್ಲಿ ದೋಷ ಪತ್ತೆಯ ಕ್ರಮವಾಗಿ ಬರೆದಿದ್ದೇನೆ. ಕಂಪ್ಯೂಟರಿನ ಮುದ್ರಿತ ಹಾಳೆಯೊಂದರ ಬಲದ ಮೇಲೆ ಯಾರಾದರೂ ಆರೋಪಿಯಾಗಿದ್ದರೆ ಅವರ ವಕೀಲರಿಗೆ, ಲೆಕ್ಕ ಪರಿಶೋಧಕರಿಗೆ, ಮನೆಯವರಿಗೆ ಇದು ಉಪಯೋಗಕ್ಕೆ ಬರಲಿ. ಅಂಥ ತಂತ್ರಾಂಶವನ್ನು ನೋಡಿಕೊಳ್ಳುವ ಎಂಜಿನಿಯರುಗಳೂ ಓದಲಿ.

ವ್ಯವಸ್ಥೆಯ ಪರಿಚಯ

ಅಲ್ಲಿನ ಸಬ್‌ಪೋಸ್ಟ್‌ಮಾಸ್ಟರ್ ನಮ್ಮ ಹಳ್ಳಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್‌ಗಿಂತ ಬೇರೆ. ಬಹುತೇಕ ಅವರು ಅಂಗಡಿಯವರು. ದಿನಸಿ, ಪತ್ರಿಕೆ ಮಾರುವ ಅಂಗಡಿಯ ಒಂದು ಮೂಲೆಯಲ್ಲಿ ಅಂಚೆ ಕೌಂಟರ್ ಇಟ್ಟುಕೊಂಡು, ಪೋಸ್ಟ್ ಆಫೀಸ್ ಜೊತೆ ಗುತ್ತಿಗೆ ಮಾಡಿಕೊಂಡು, ಪಿಂಚಣಿ ಕೊಡುವುದು, ಅಂಚೆಚೀಟಿ ಮಾರುವುದು, ಬಿಲ್ಲು ಕಟ್ಟಿಸಿಕೊಳ್ಳುವುದು ಅವರ ಕೆಲಸ. ಲೆಕ್ಕದಲ್ಲಿ ಕೊರತೆ ಬಂದರೆ ಗುತ್ತಿಗೆಯ ಪ್ರಕಾರ ಅದನ್ನು ಅವರೇ ತುಂಬಬೇಕು ಎಂದು ಪೋಸ್ಟ್ ಆಫೀಸ್ ಪಟ್ಟು ಹಿಡಿಯುತ್ತಿತ್ತು. ಇವರಲ್ಲಿ ಭಾರತೀಯ ಮೂಲದವರೂ ಬಹಳ ಮಂದಿ ಇದ್ದರು.

ಹೊರೈಜನ್ ಅನ್ನು ಕಟ್ಟಿದ್ದು ಐಸಿಎಲ್ ಕಂಪನಿ. ಅದು ಮುಂದೆ ಜಪಾನಿನ ಫುಜಿತ್ಸು ಹೆಸರಿಗೆ ಬಂತು. 1999ರಿಂದ ಕಚೇರಿಗಳಿಗೆ ಅಳವಡಿಸಲು ಶುರುವಾಯಿತು. 2010ರವರೆಗಿನ ಹಳೆಯ ಆವೃತ್ತಿಯಲ್ಲಿ ವ್ಯವಹಾರಗಳು ಮೊದಲು ಕೌಂಟರಿನ ಯಂತ್ರದಲ್ಲಿ ದಾಖಲಾಗಿ, ಅಲ್ಲಿಂದ ಉಳಿದ ಕೌಂಟರುಗಳಿಗೂ ಕೇಂದ್ರಕ್ಕೂ ನಕಲಾಗುತ್ತಿದ್ದವು. 2010ರಲ್ಲಿ ನೇರವಾಗಿ ಕೇಂದ್ರದಲ್ಲೇ ದಾಖಲಾಗುವ ಹೊಸ ಆವೃತ್ತಿ ಬಂತು. ಯಾವುದೇ ಪ್ರಕರಣ ಕೈಗೆತ್ತಿಕೊಂಡಾಗ ಮೊದಲು ಗುರುತು ಹಾಕಿಕೊಳ್ಳಬೇಕಾದ್ದು ಇದು: ಆ ದಿನಾಂಕದಂದು ಯಾವ ಆವೃತ್ತಿ ನಡೆಯುತ್ತಿತ್ತು? ನಂತರ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲೂ ಆವೃತ್ತಿಗೊಂದು ಮಾತು ಇದೆ. ಹಳೆಯದು ದೃಢವಾಗಿರಲೇ ಇಲ್ಲ, 2010ರದು ಅದಕ್ಕಿಂತ ತುಸು ಮೇಲು, 2017ರ ನಂತರದ್ದು ಸಾಕಷ್ಟು ದೃಢ ಎಂದು ನ್ಯಾಯಾಧೀಶರು ಬೇರೆ ಬೇರೆ ಮಾಡಿ ಹೇಳಿದರು. "ಈಗ ಚೆನ್ನಾಗಿಯೇ ನಡೆಯುತ್ತಿದೆಯಲ್ಲ" ಎಂಬ ಉತ್ತರ ಆದ್ದರಿಂದಲೇ ಉತ್ತರವಲ್ಲ.

ಲಕ್ಷಣಗಳು

ತಪ್ಪು ಶಿಕ್ಷೆ ಹೊರಗಿನಿಂದ ನೋಡಿದರೆ ಸರಿಯಾದ ಶಿಕ್ಷೆಯಂತೆಯೇ ಕಾಣುತ್ತದೆ. ಆದರೂ ಕೆಲವು ಗುರುತುಗಳಿವೆ. ವರ್ಷಗಟ್ಟಲೆ ಕಳಂಕವಿಲ್ಲದೆ ನಡೆದ ವ್ಯಕ್ತಿ ಹೊಸ ತಂತ್ರಾಂಶ ಬಂದ ಮೇಲೆ "ಕಳ್ಳ"ನಾಗುತ್ತಾನೆ. ಕೊರತೆಯನ್ನು ಮೊದಲು ತಿಳಿಸಿದ್ದು ಆರೋಪಿಯೇ ಆಗಿರುತ್ತಾನೆ. ಬ್ರಿಡ್ಲಿಂಗ್ಟನ್ ಊರಿನ ಲೀ ಕ್ಯಾಸಲ್ಟನ್ ತನ್ನ ಲೆಕ್ಕ ತಾಳೆಯಾಗುತ್ತಿಲ್ಲವೆಂದು ಸಹಾಯವಾಣಿಗೆ ಮತ್ತೆ ಮತ್ತೆ ಫೋನು ಮಾಡಿದ್ದರು. ಕದ್ದವನು ಕದ್ದ ಮಾಲಿನ ಬಗ್ಗೆ ಪ್ರತಿ ವಾರ ಪೊಲೀಸರಿಗೆ ಫೋನು ಮಾಡುವುದಿಲ್ಲ. ಆ ಕರೆಗಳ ಪಟ್ಟಿಯೇ ಬಲವಾದ ಸಾಕ್ಷ್ಯ.

ಇನ್ನೊಂದು ಗುರುತು: "ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ" ಎಂಬ ಉತ್ತರ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಉದ್ದಗಲಕ್ಕೂ ಹಲವರು ಇದೇ ಮಾತನ್ನು ಕೇಳಿಸಿಕೊಂಡಿದ್ದಾರೆ. ಇದನ್ನು ಕೇಳಿದ ದಿನವೇ ಎರಡನೆಯವರನ್ನು ಹುಡುಕಬೇಕು. ಕಂಪ್ಯೂಟರ್ ವೀಕ್ಲಿ ಪತ್ರಿಕೆ 2009ರ ಮೇ ತಿಂಗಳಲ್ಲಿ ಏಳು ಜನರ ಕಥೆಯನ್ನು ಒಟ್ಟಿಗೆ ಅಚ್ಚು ಹಾಕಿತು. ಅದೇ ವರ್ಷ ಅಲನ್ ಬೇಟ್ಸ್ ತೊಂದರೆಗೊಳಗಾದವರ ಸಂಘಟನೆ ಕಟ್ಟಿದರು. ವೇಲ್ಸಿನ ಲ್ಯಾಂಡಡ್ನೊ ಬಳಿ ಅಂಚೆ ಕಚೇರಿ ನಡೆಸುತ್ತಿದ್ದ ಅವರು, ಕಾಣದ ಕೊರತೆಯನ್ನು ತುಂಬಲು ಒಪ್ಪದೆ 2003ರಲ್ಲಿ ಗುತ್ತಿಗೆ ಕಳೆದುಕೊಂಡವರು. ಒಬ್ಬಂಟಿಯ ದೂರು ಗೊಣಗಾಟವೆನಿಸುತ್ತದೆ. ಏಳು ದೂರು ಒಂದೇ ಸಾಲಿನಲ್ಲಿ ನಿಂತರೆ ಯಂತ್ರದತ್ತ ಬೆರಳು ತೋರಿಸುತ್ತದೆ.

ಮೊದಲ ಪರೀಕ್ಷೆ: ಹಣ ಎಲ್ಲಿದೆ?

ಕಳ್ಳತನವಾಗಿದ್ದರೆ ಹಣ ಎಲ್ಲಾದರೂ ಹೋಗಿರಬೇಕು. ಬ್ಯಾಂಕ್ ಖಾತೆಗೆ, ಸಾಲ ತೀರಿಸಲು, ಕಾರು ಕೊಳ್ಳಲು, ಜೂಜಿಗೆ. ತನಿಖೆಯ ಕಡತದಲ್ಲಿ ಹಣದ ಜಾಡು ಹಿಡಿದು ಹೋದ ಪುಟ ಇದೆಯೇ? ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಹಳ್ಳಿಯ ಜೋ ಹ್ಯಾಮಿಲ್ಟನ್ ಅವರ ಪ್ರಕರಣದಲ್ಲಿ ಪೋಸ್ಟ್ ಆಫೀಸಿನ ತನಿಖಾಧಿಕಾರಿಯೇ ತನ್ನ ವರದಿಯಲ್ಲಿ ಕಳ್ಳತನಕ್ಕೆ ಸಾಕ್ಷ್ಯ ಸಿಕ್ಕಿಲ್ಲವೆಂದು ಬರೆದಿದ್ದರು. ಆದರೂ ಕಳ್ಳತನದ ಆರೋಪ ಹೊರಿಸಲಾಯಿತು. ಹಣದ ಜಾಡಿನ ಪುಟ ಕಡತದಲ್ಲಿ ಇಲ್ಲದಿದ್ದರೆ ಬರೆದುಕೊಳ್ಳಿ: ಈ ಮೊಕದ್ದಮೆಯಲ್ಲಿ ನಷ್ಟ ಆಗಿದೆ ಎಂಬುದಕ್ಕೇ ಯಂತ್ರದ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ. ಮುಂದೆ ಮೇಲ್ಮನವಿ ನ್ಯಾಯಾಲಯದಲ್ಲಿ ಇದೇ ವಾಕ್ಯ ಎಲ್ಲವನ್ನೂ ನಿರ್ಧರಿಸಿತು.

ಎರಡನೆಯದು: ಸಂಖ್ಯೆಯ ಆಕಾರ

ಇಲ್ಲಿಗೆ ನಮ್ಮ ಹಿರಿಯ ಕ್ಯಾಷಿಯರ್ ವಾಪಸ್ ಬರುತ್ತಾರೆ. ಕೊರತೆಯ ಮೊತ್ತವನ್ನು ಒಂಬತ್ತರಿಂದ ಭಾಗಿಸಿ. ಎರಡರಿಂದ ಭಾಗಿಸಿ, ಆ ಅರ್ಧದ ಮೊತ್ತದ ವ್ಯವಹಾರ ಆ ದಿನ ಇದೆಯೇ ನೋಡಿ. ಇದ್ದರೆ ಜಮಾ ಆಗಬೇಕಾದ್ದು ಖರ್ಚಿನ ಬದಿಗೆ ಹೋಗಿರಬಹುದು. ಇಡೀ ಮೊತ್ತ ಯಾವುದೋ ಒಂದೇ ವ್ಯವಹಾರದ ಎರಡರಷ್ಟೋ ಮೂರರಷ್ಟೋ ಇದ್ದರೆ ಅದು ಮತ್ತೆ ಮತ್ತೆ ದಾಖಲಾಗಿರಬಹುದು. ಕದಿಯುವವರು ಯಂತ್ರದಲ್ಲಿರುವ ಮೊತ್ತಕ್ಕೆ ಪೈಸೆ ಹೆಚ್ಚುಕಡಿಮೆಯಾಗದಂತೆ ಗುಣಿಸಿ ಕದಿಯುವುದಿಲ್ಲ.

ಹೊರೈಜನ್‌ನಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್. 2015ರಲ್ಲಿ ಅಲ್ಲಿನ ಕಚೇರಿಯಿಂದ ಹೊರ ಶಾಖೆಯೊಂದಕ್ಕೆ 8,000 ಪೌಂಡ್ ನಗದನ್ನು ಕಳುಹಿಸಿದರು. ಪರದೆ ಸರಿಯಾಗಿ ಮುಚ್ಚಿಕೊಳ್ಳದೆ ಉಳಿದಾಗ ಕೌಂಟರಿನಲ್ಲಿದ್ದವರು ಮತ್ತೆ ಮತ್ತೆ ಒತ್ತಿದರು. ಒತ್ತಿದಾಗಲೆಲ್ಲ ಇನ್ನೊಂದು 8,000 ಬಂದಿದೆ ಎಂದು ವ್ಯವಸ್ಥೆ ಬರೆದುಕೊಂಡಿತು. ನಾಲ್ಕು ಸಲ ದಾಖಲು, ಕೈಗೆ ಬಂದದ್ದು ಒಂದೇ ಸಲ, ಕೊರತೆ 24,000 ಪೌಂಡ್. ಫುಜಿತ್ಸು ಹಿಂದಕ್ಕೆ ಹೋಗಿ ಹುಡುಕಿದಾಗ ಇಂಥ 112 ಸಂದರ್ಭಗಳು ಸಿಕ್ಕವು. ಅವು 2010ರಿಂದಲೇ ನಡೆಯುತ್ತಿದ್ದವು. ಐದು ವರ್ಷ ಯಾರೂ ಸಂಖ್ಯೆಯ ಆಕಾರ ನೋಡಿರಲಿಲ್ಲ.

ಜೋ ಹ್ಯಾಮಿಲ್ಟನ್ ಸಹಾಯವಾಣಿಯವರು ಹೇಳಿದಂತೆ ಗುಂಡಿ ಒತ್ತುತ್ತಿದ್ದಾಗ ಸುಮಾರು 2,000 ಪೌಂಡ್‌ಗಳ ಕೊರತೆ ಕಣ್ಣೆದುರೇ ಎರಡರಷ್ಟಾಯಿತು. ಸರಿಪಡಿಸಲು ಮಾಡಿದ ನಮೂದು ಕೊರತೆಯನ್ನು ಇಳಿಸುವ ಬದಲು ಅಷ್ಟೇ ಪ್ರಮಾಣದಲ್ಲಿ ಏರಿಸಿದರೆ, ಕೂಡುವ ಕಳೆಯುವ ಚಿಹ್ನೆಯ ಬಗ್ಗೆ ಲೆಕ್ಕ ಬಲ್ಲ ಯಾರಿಗಾದರೂ ಅನುಮಾನ ಬರಬೇಕು.

ಚಿಹ್ನೆಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. 1998ರಲ್ಲಿ, ವ್ಯವಸ್ಥೆ ಇನ್ನೂ ಕಚೇರಿಗಳಿಗೆ ಬರುವ ಮೊದಲೇ, ಅದರ ಕೌಂಟರ್ ಭಾಗದ ಕೋಡ್ ನೋಡಿದ ಒಳಗಿನ ತಂಡವೊಂದು ವರದಿ ಬರೆದಿತ್ತು. ಒಂದು ಸಂಖ್ಯೆಯ ಚಿಹ್ನೆ ತಿರುಗಿಸಲು ಅದರ ಹಿಂದೆ ಋಣ ಗುರುತು ಹಾಕಿದರೆ ಸಾಕು. ಆ ಕೋಡಿನಲ್ಲಿ, ಸಂಖ್ಯೆ ಸೊನ್ನೆಗಿಂತ ಕಡಿಮೆಯಿದ್ದರೆ ಗುರುತು ತೆಗೆ, ಇಲ್ಲವಾದರೆ ಆ ಸಂಖ್ಯೆಯಿಂದ ಅದರ ಎರಡರಷ್ಟನ್ನು ಕಳೆ ಎಂದು ಬರೆದಿತ್ತು. ಉತ್ತರ ಸರಿಯೇ ಬರುತ್ತದೆ, ಆದರೆ ಬರೆದವರ ತಿಳಿವಳಿಕೆ ಎಷ್ಟಿತ್ತು ಎಂಬುದನ್ನು ಆ ಒಂದು ಸಾಲು ತೋರಿಸುತ್ತದೆ. ಇಂಥ ಕೋಡ್ ಸಿಕ್ಕಿತೆಂದು ಹಿಗ್ಗಬೇಡಿ. ಯಾವ ಕಚೇರಿಯ ಯಾವ ಕೊರತೆಗೂ ಅದು ನೇರ ಕಾರಣವೆಂದು ತೋರಿಸಲಾಗದು. ಅದರ ಬೆಲೆ ಬೇರೆ ಕಡೆ ಇದೆ: ತೊಂದರೆಗಳು ಇರಬಹುದೆಂದು ಒಳಗಿನವರಿಗೆ ಯಾವಾಗಿನಿಂದ ಗೊತ್ತಿತ್ತು ಎಂಬ ಪ್ರಶ್ನೆಗೆ.

ಮೂರನೆಯದು, ಮುಖ್ಯವಾದದ್ದು: ಯಂತ್ರದ ದೋಷ ದಾಖಲೆ

ಆರೋಪಿಯ ವಕೀಲರು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿದೆ. "ನಮ್ಮ ಕಚೇರಿಯಲ್ಲಿ ಇಂಥ ದಿನ ಇಂಥ ದೋಷ ಇತ್ತು" ಎಂದು ತೋರಿಸುವ ಹೊರೆಯನ್ನು ತಾವೇ ತಲೆಗೆ ಹೊತ್ತುಕೊಳ್ಳುತ್ತಾರೆ. ಕೌಂಟರಿನ ಈಚೆ ಕುಳಿತವರಿಗೆ ಅದು ಸಾಧ್ಯವೇ ಇಲ್ಲದ ಕೆಲಸ. ಹುಡುಕಬೇಕಾದ ಕಾಗದ ಇರುವುದು ಯಂತ್ರ ನೋಡಿಕೊಳ್ಳುವವರ ಬಳಿ.

ದೊಡ್ಡ ತಂತ್ರಾಂಶ ನಡೆಸುವ ಯಾವುದೇ ತಂಡ ಎರಡು ಬಗೆಯ ದಾಖಲೆ ಇಟ್ಟಿರುತ್ತದೆ. ಒಂದು, ಬಂದ ಪ್ರತಿಯೊಂದು ದೂರಿನ ಚೀಟಿ: ಯಾರು ಹೇಳಿದರು, ಎಂಜಿನಿಯರ್ ಏನು ನೋಡಿದರು, ಹೇಗೆ ಮುಚ್ಚಿದರು. ಎರಡು, ಗೊತ್ತಿರುವ ದೋಷಗಳ ಪಟ್ಟಿ: ಈ ಲಕ್ಷಣ ಕಂಡರೆ ಇದು ಕಾರಣ, ಹೀಗೆ ಮಾಡಿ ಎಂದು ತಂಡದವರು ತಮ್ಮತಮ್ಮಲ್ಲಿ ಬರೆದುಕೊಂಡದ್ದು. ಫುಜಿತ್ಸುವಿನಲ್ಲಿ ಮೊದಲನೆಯದನ್ನು ಪೀಕ್ ಎಂದೂ ಎರಡನೆಯದನ್ನು ಕೆಇಎಲ್ ಎಂದೂ ಕರೆಯುತ್ತಿದ್ದರು. ಶಿಕ್ಷೆಗಳನ್ನು ಬಿಡಿಸಿದ ಬೀಗದ ಕೈ ಇವೆರಡೇ. ಮುಂದೆ 555 ಜನ ಸೇರಿ ಹೂಡಿದ ಸಿವಿಲ್ ದಾವೆಯ ಆರಂಭದಲ್ಲಿ ಪೋಸ್ಟ್ ಆಫೀಸಿನ ಕಡೆಯವರು ಕೆಇಎಲ್ ಎಂಬುದಕ್ಕೆ ಮಹತ್ವವೇ ಇಲ್ಲ ಎಂಬಂತೆ ಉತ್ತರಿಸಿದ್ದರು. ಅವು ಕೊನೆಗೆ ಹೊರಬಂದಾಗ ಆ ದಾವೆಯನ್ನು ಕೇಳಿದ ನ್ಯಾಯಮೂರ್ತಿ ಫ್ರೇಸರ್ ತಮ್ಮ ತೀರ್ಪಿನ ತಾಂತ್ರಿಕ ಅನುಬಂಧದಲ್ಲಿ 29 ದೋಷಗಳನ್ನು ಒಂದೊಂದಾಗಿ ಪರಿಶೀಲಿಸಿದರು.

ಅವುಗಳಲ್ಲಿ ಎರಡನ್ನು ನೋಡಿದರೆ ಸಾಕು. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿದ್ದ ಕ್ಯಾಲೆಂಡರ್ ಸ್ಕ್ವೇರ್ ಕಚೇರಿಯಲ್ಲಿ 2005ರಲ್ಲಿ ಒಂದು ಕೌಂಟರಿನಲ್ಲಿ ಮಾಡಿದ ವರ್ಗಾವಣೆ ಇನ್ನೊಂದು ಕೌಂಟರಿಗೆ ಕಾಣಿಸಲಿಲ್ಲ. ಕಾಣದ್ದರಿಂದ ಸಿಬ್ಬಂದಿ ಅದನ್ನೇ ಮತ್ತೆ ದಾಖಲಿಸಿದರು. ಯಂತ್ರಗಳ ನಡುವೆ ಸಂದೇಶ ನಕಲಾಗುವಾಗ ಹಾಕಿದ ಬೀಗ ಬಿಡುಗಡೆಯಾಗದೆ ಸಿಕ್ಕಿಕೊಂಡದ್ದು ಕಾರಣ. ಈ ತೊಂದರೆ ವರ್ಷಗಳಿಂದ ಇದೆ ಎಂದು ಫುಜಿತ್ಸುವಿನ ಒಳಗಿನ ಟಿಪ್ಪಣಿಯೇ ಹೇಳುತ್ತಿತ್ತು. 2006ರಲ್ಲಿ ಸರಿಪಡಿಸಿದರು. ಅದೇ ಅವಧಿಯಲ್ಲಿ ಜನ ಜೈಲಿಗೆ ಹೋಗುತ್ತಿದ್ದರು. ವೇಲ್ಸಿನ ಆಂಗಲ್ಸಿ ದ್ವೀಪದ ನೋಯೆಲ್ ಥಾಮಸ್ ಅವರಿಗೆ 2006ರಲ್ಲಿ ಒಂಬತ್ತು ತಿಂಗಳ ಸಜೆಯಾಯಿತು. ಅರವತ್ತನೆಯ ಹುಟ್ಟುಹಬ್ಬ ಜೈಲಿನಲ್ಲಿ ಕಳೆಯಿತು.

ಎರಡನೆಯದು 2010ರ ದೋಷ. ತಿಂಗಳ ಲೆಕ್ಕ ಮುಗಿಸುವಾಗ ಬಂದ ವ್ಯತ್ಯಾಸವನ್ನು ಬಳಕೆದಾರ ರದ್ದು ಮಾಡಿ ಮುಂದೆ ಹೋದರೆ ಅದು ಕೌಂಟರಿನ ಪರದೆಯಿಂದ ಮಾಯವಾಗುತ್ತಿತ್ತು, ಕೇಂದ್ರದ ಲೆಕ್ಕದಲ್ಲಿ ಉಳಿದಿರುತ್ತಿತ್ತು. ಸುಮಾರು 60 ಕಚೇರಿಗಳಿಗೆ ಇದು ತಗುಲಿತ್ತು. ಪೋಸ್ಟ್ ಆಫೀಸ್ ಮತ್ತು ಫುಜಿತ್ಸು ಸಿಬ್ಬಂದಿ ಕುಳಿತು ಇದರ ಬಗ್ಗೆ ಸಭೆ ಮಾಡಿದರು. ವಿಷಯ ಹೊರಗೆ ತಿಳಿದರೆ ವ್ಯವಸ್ಥೆಯ ಮೇಲಿನ ನಂಬಿಕೆ ಹೋಗುತ್ತದೆ, ನಡೆಯುತ್ತಿರುವ ಮೊಕದ್ದಮೆಗಳ ಮೇಲೂ ಪರಿಣಾಮವಾಗಬಹುದು ಎಂದು ಸಭೆಯ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಕಚೇರಿಗೆ ತಿಳಿಸದೆಯೇ ಅದರ ಲೆಕ್ಕದ ಅಂಕಿ ಬದಲಿಸುವುದನ್ನು ಒಂದು ಪರಿಹಾರವಾಗಿಯೂ ಚರ್ಚಿಸಿದರು.

ಅದು ನಡೆದದ್ದು ಗಿಲ್ಡ್‌ಫರ್ಡ್ ನ್ಯಾಯಾಲಯದಲ್ಲಿ ಸೀಮಾ ಮಿಶ್ರಾ ಅವರ ವಿಚಾರಣೆಯ ಆಸುಪಾಸಿನಲ್ಲಿ. ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಆಕೆಯ ಮೇಲಿದ್ದ ಆರೋಪ 74,000 ಪೌಂಡ್ ಕಳ್ಳತನ. ಆಕೆಯ ಕಡೆಯ ಕಂಪ್ಯೂಟರ್ ತಜ್ಞರು ದಾಖಲೆ ಕೊಡಿ ಎಂದು ಪದೇ ಪದೇ ಕೇಳಿದರು. ಸಿಕ್ಕಿದ್ದು ಸೀಮಿತ ಅವಧಿಯ ಅಂಕಿಅಂಶ ಮಾತ್ರ. 2010ರ ನವೆಂಬರ್ 11ರಂದು, ಹಿರಿಯ ಮಗನ ಹತ್ತನೇ ಹುಟ್ಟುಹಬ್ಬದ ದಿನ, ಗರ್ಭಿಣಿಯಾಗಿದ್ದ ಆಕೆಗೆ ಹದಿನೈದು ತಿಂಗಳ ಜೈಲು ಶಿಕ್ಷೆ ವಿಧಿಸಲಾಯಿತು. ಇದನ್ನು ಎಷ್ಟು ಸಲ ಓದಿದರೂ ನನ್ನ ಸಿಟ್ಟು ಕಡಿಮೆಯಾಗಿಲ್ಲ. ದೋಷದ ಕಾಗದ ಒಂದು ಕಟ್ಟಡದಲ್ಲಿತ್ತು, ತೀರ್ಪುಗಾರ ಮಂಡಳಿ ಇನ್ನೊಂದು ಕಟ್ಟಡದಲ್ಲಿತ್ತು.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಈ ಅವಧಿಯಲ್ಲಿ ಯಾವ ಯಾವ ದೋಷಗಳು ದಾಖಲಾಗಿದ್ದವು, ಎಲ್ಲ ಶಾಖೆಗಳಿಂದಲೂ? ಯಾವ ದಿನ ಯಾವ ತಿದ್ದುಪಡಿ ಅಳವಡಿಸಿದಿರಿ? ನ್ಯಾಯಾಲಯಕ್ಕೆ ಕೊಟ್ಟ ಹಾಳೆ ಮೂಲ ದಾಖಲೆಯೇ, ಅದರಿಂದ ಸೋಸಿ ತೆಗೆದದ್ದೇ? "ಅದು ತುಂಬ ದುಬಾರಿ" ಎಂಬ ಉತ್ತರ ಬಂದರೆ ಆ ಉತ್ತರವನ್ನೂ ಕಡತಕ್ಕೆ ಸೇರಿಸಿ. ಕೊಡಲಿಲ್ಲ ಎಂಬುದೇ ಮುಂದೊಂದು ದಿನ ಮೇಲ್ಮನವಿಯ ಆಧಾರವಾಗುತ್ತದೆ.

ನಾಲ್ಕನೆಯದು: ಯಾರ ಕೈ?

ನಮೂದಿನ ಮುಂದೆ ಒಬ್ಬರ ಹೆಸರಿದ್ದ ಮಾತ್ರಕ್ಕೆ ಅದನ್ನು ಅವರೇ ಮಾಡಿದ್ದಾರೆ ಎನ್ನಲಾಗದು. ದೂರದಿಂದ ಕಚೇರಿಯ ಲೆಕ್ಕದೊಳಗೆ ಕೈ ಹಾಕಲು ಯಾರಿಗೂ ಸಾಧ್ಯವಿಲ್ಲ ಎಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳಿತು. ಫುಜಿತ್ಸುವಿನ ಹಳೆಯ ಉದ್ಯೋಗಿ ರಿಚರ್ಡ್ ರೋಲ್ ಸಾಕ್ಷಿಕಟ್ಟೆಗೆ ಬಂದು, ಸಾಧ್ಯವಿತ್ತು, ನಾವು ಮಾಡುತ್ತಿದ್ದೆವು ಎಂದರು. ಹಳೆಯ ಆವೃತ್ತಿಯಲ್ಲಿ ಹಾಗೆ ಸೇರಿಸಿದ ನಮೂದು ಕೌಂಟರಿನಲ್ಲೇ ಮಾಡಿದಂತೆ ಕಾಣುವ ಸಾಧ್ಯತೆಯೂ ಇತ್ತು. ಕೇಳಿ: ಉನ್ನತ ಅಧಿಕಾರದ ಲಾಗಿನ್‌ಗಳು ಎಷ್ಟಿದ್ದವು, ಯಾರ ಬಳಿ ಇದ್ದವು, ಅವರು ಮಾಡಿದ ಕೆಲಸದ ಲಾಗ್ ಎಲ್ಲಿದೆ. ಲಾಗ್ ಇಲ್ಲ ಎಂದಾದರೆ "ಬೇರೆ ಯಾರೂ ಮುಟ್ಟಿಲ್ಲ" ಎಂದು ಹೇಳುವ ಹಕ್ಕೂ ಅವರಿಗಿಲ್ಲ.

ತಪ್ಪೊಪ್ಪಿಗೆ ಇದ್ದರೆ ದಾರಿ ಮುಚ್ಚಿತೇ?

ಬಹಳ ವಕೀಲರು ಇಲ್ಲಿ ಕೈಚೆಲ್ಲುತ್ತಾರೆ. ಚೆಲ್ಲಬಾರದು. ತಪ್ಪೊಪ್ಪಿಗೆ ಹೇಗೆ ಹುಟ್ಟಿತು ಎಂಬುದನ್ನು ಬಿಡಿಸಿ ನೋಡಿ.

ತಿಂಗಳ ಕೊನೆಗೆ ಲೆಕ್ಕ ಮುಗಿಸದೆ ಮರುದಿನ ಕೌಂಟರ್ ತೆರೆಯಲು ವ್ಯವಸ್ಥೆ ಬಿಡುತ್ತಿರಲಿಲ್ಲ. "ಈ ಕೊರತೆಯನ್ನು ನಾನು ಒಪ್ಪುವುದಿಲ್ಲ" ಎಂದು ಒತ್ತಲು ಪರದೆಯ ಮೇಲೆ ಗುಂಡಿಯೇ ಇರಲಿಲ್ಲ. 2005ಕ್ಕೆ ಮೊದಲು ತಕರಾರಿನ ಮೊತ್ತವನ್ನು ತಾತ್ಕಾಲಿಕ ಖಾತೆಯೊಂದರಲ್ಲಿ ಇಡಬಹುದಿತ್ತು, ಆ ವರ್ಷ ವ್ಯವಸ್ಥೆಯನ್ನು ಬದಲಿಸುವಾಗ ಅದನ್ನೂ ತೆಗೆದರು. ಉಳಿದದ್ದು ಕೈಯಿಂದ ಹಣ ಹಾಕುವುದು, ಸಾಲವಾಗಿ ಒಪ್ಪಿಕೊಳ್ಳುವುದು, ಅಥವಾ ನಗದು ಇದೆ ಎಂದು ಘೋಷಿಸಿ ನಾಳೆ ಸರಿಹೋಗಬಹುದೆಂದು ಕಾಯುವುದು. ಮನೆಯ ಉಳಿತಾಯ, ನೆಂಟರ ಸಾಲ ಎಲ್ಲ ಮುಗಿದ ಮೇಲೆ ಹಲವರು ಮೂರನೆಯದನ್ನು ಮಾಡಿದರು. ಅದೇ ಸುಳ್ಳು ಲೆಕ್ಕದ ಅಪರಾಧವಾಯಿತು. ಆಮೇಲೆ ಚೌಕಾಸಿ: ಸುಳ್ಳು ಲೆಕ್ಕ ಒಪ್ಪಿಕೊಂಡರೆ ಕಳ್ಳತನದ ಆರೋಪ ಬಿಡುತ್ತೇವೆ, ಜೈಲು ತಪ್ಪಬಹುದು. ಜೋ ಹ್ಯಾಮಿಲ್ಟನ್ ಹಾಗೆ ಒಪ್ಪಿಕೊಂಡವರು. ಹೊರೈಜನ್ ಬಗ್ಗೆ ದೂರಬಾರದು ಎಂಬ ಷರತ್ತೂ ಅದರೊಂದಿಗೆ ಇತ್ತು. ಆರೋಪ ಹೊರಿಸುವವರೇ ಯಂತ್ರವನ್ನು ಮಾತಿನಿಂದ ಹೊರಗಿಡಲು ಬೆಲೆ ಕೊಡುತ್ತಿದ್ದಾರೆ ಎಂದರೆ, ಹುಡುಕಬೇಕಾದ ಜಾಗ ಯಾವುದೆಂದು ಅವರೇ ತೋರಿಸಿದಂತೆ.

ಮುಂದೆ ರದ್ದಾದ ಶಿಕ್ಷೆಗಳಲ್ಲಿ ತಪ್ಪೊಪ್ಪಿಕೊಂಡವರವು ಬಹಳ ಇವೆ.

ಕಾನೂನಿನೊಳಗಿನ ದೋಷ

ಇಷ್ಟು ದಿನ ಇದು ಏಕೆ ಸಿಕ್ಕಿಬೀಳಲಿಲ್ಲ? ಒಂದು ಕಾರಣ, ಆರೋಪ ಹೊರಿಸಿದ ಸಂಸ್ಥೆಯೇ ನಷ್ಟವಾಯಿತೆಂದು ಹೇಳುವವಳು, ತನಿಖೆ ಮಾಡುವವಳು, ಯಂತ್ರದ ಒಡತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 700 ಮೊಕದ್ದಮೆಗಳನ್ನು ಪೋಸ್ಟ್ ಆಫೀಸ್ ಪೊಲೀಸರ ನೆರವಿಲ್ಲದೆ ತಾನೇ ಹೂಡಿತು. ಎರಡನೆಯ ಕಾರಣ ಸಾಕ್ಷ್ಯದ ನಿಯಮ. 1984ರ ಕಾಯ್ದೆಯ 69ನೇ ಕಲಮಿನ ಪ್ರಕಾರ, ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತು ಎಂದು ತೋರಿಸಿದ ಮೇಲೆ ಮಾತ್ರ ಅದರ ಹಾಳೆ ಸಾಕ್ಷ್ಯವಾಗುತ್ತಿತ್ತು. ಕಾನೂನು ಆಯೋಗದ 1997ರ ಶಿಫಾರಸಿನಂತೆ ಆ ಕಲಮು 1999ರ ಕಾಯ್ದೆಯಿಂದ ರದ್ದಾಯಿತು, 2000ದಲ್ಲಿ ಜಾರಿಗೆ ಬಂತು. ಹೊರೈಜನ್ ಕಚೇರಿಗಳಿಗೆ ಬರುತ್ತಿದ್ದ ಕಾಲವದು. ಅಲ್ಲಿಂದ ಮುಂದೆ, ವಿರುದ್ಧವಾಗಿ ತೋರಿಸುವವರೆಗೆ ಕಂಪ್ಯೂಟರ್ ಸರಿಯಾಗಿದೆ ಎಂದೇ ನ್ಯಾಯಾಲಯಗಳು ಭಾವಿಸತೊಡಗಿದವು. ತೋರಿಸಬೇಕಾದವರ ಕೈಯಲ್ಲಿ ಕಾಗದವೇ ಇರಲಿಲ್ಲ. ಈ ಪೂರ್ವಭಾವನೆಯನ್ನು ಬದಲಿಸಬೇಕೇ ಎಂದು ಬ್ರಿಟಿಷ್ ಸರ್ಕಾರ 2025ರ ಜನವರಿಯಲ್ಲಿ ಸಾರ್ವಜನಿಕ ಅಭಿಪ್ರಾಯ ಕೇಳಿತು.

ನಮ್ಮ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಸಾಕ್ಷ್ಯ ಕಾಯ್ದೆಗೆ 2000ದಲ್ಲಿ ಸೇರಿದ 65ಬಿ ಕಲಮು, ಬ್ರಿಟನ್ ಕೈಬಿಟ್ಟ ಹಳೆಯ ನಿಯಮದ ಮಾದರಿಯದೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಬಂದಿದೆ. ಕಂಪ್ಯೂಟರ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದು ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಜೊತೆಗೆ ಹ್ಯಾಷ್ ಮೌಲ್ಯ, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಖ್ಯೆ. ಇಷ್ಟಿದ್ದರೆ ಹೊರೈಜನ್ ನಮ್ಮಲ್ಲಿ ಆಗುವುದಿಲ್ಲ ಎಂದು ಕೆಲವು ವಕೀಲ ಗೆಳೆಯರು ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಹ್ಯಾಷ್ ಮೌಲ್ಯ ಹೇಳುವುದು ನಕಲು ಮಾಡಿದ ಮೇಲೆ ಕಡತ ಬದಲಾಗಿಲ್ಲ ಎಂದು. ಕಡತದೊಳಗಿನ 32,000 ಎಂಬ ಅಂಕಿ 8,000 ಆಗಬೇಕಿತ್ತೇ ಎಂಬುದು ಅದಕ್ಕೆ ತಿಳಿಯದು. ತಪ್ಪು ಲೆಕ್ಕಕ್ಕೂ ಅಷ್ಟೇ ಅಚ್ಚುಕಟ್ಟಾದ ಹ್ಯಾಷ್ ಬರುತ್ತದೆ. "ಈ ಅವಧಿಯಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು" ಎಂಬ ಸಾಲು ಪ್ರಮಾಣಪತ್ರದಲ್ಲಿ ಇದೆಯಾದರೂ ಅದು ಅಚ್ಚಾದ ನಮೂನೆಗೆ ಹಾಕಿದ ರುಜು. ಆ ಸಾಲಿಗೆ ಆಧಾರವಾಗಿ ಯಾವ ದೋಷ ದಾಖಲೆ ನೋಡಿದಿರಿ ಎಂದು ಪಾಟೀಸವಾಲಿನಲ್ಲಿ ಕೇಳಿ. ದಾಖಲೆ ತರಿಸಲು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮು ಇದೆ.

ದುರಸ್ತಿ: ನಿಜವಾಗಿ ಕೆಲಸ ಮಾಡಿದ ಕ್ರಮ

ಒಬ್ಬೊಬ್ಬರೇ ಹೋರಾಡಿದ್ದು ಫಲಿಸಲಿಲ್ಲ. ಲೀ ಕ್ಯಾಸಲ್ಟನ್ ಸುಮಾರು 25,000 ಪೌಂಡ್ ಕೊರತೆಯ ಸಿವಿಲ್ ದಾವೆಯಲ್ಲಿ ವಕೀಲರಿಲ್ಲದೆ ನಿಂತು 2007ರಲ್ಲಿ ಸೋತರು. ಎದುರು ಪಕ್ಷದ ವೆಚ್ಚವೇ 3,21,000 ಪೌಂಡ್. ದಿವಾಳಿಯಾದರು.

2012ರಲ್ಲಿ ಸೆಕೆಂಡ್ ಸೈಟ್ ಎಂಬ ಸ್ವತಂತ್ರ ಲೆಕ್ಕ ತಜ್ಞರ ತಂಡ ಬಂತು. 2013ರ ಜುಲೈನಲ್ಲಿ ಅದರ ಮಧ್ಯಂತರ ವರದಿ ಹೊರಬಿದ್ದ ಬೆನ್ನಲ್ಲೇ, ಪೋಸ್ಟ್ ಆಫೀಸಿಗೆ ಸಲಹೆ ಕೊಡುತ್ತಿದ್ದ ಬ್ಯಾರಿಸ್ಟರ್ ಸೈಮನ್ ಕ್ಲಾರ್ಕ್ ಒಂದು ಗೋಪ್ಯ ಅಭಿಪ್ರಾಯ ಬರೆದರು: ಮೊಕದ್ದಮೆಗಳಲ್ಲಿ ತಜ್ಞ ಸಾಕ್ಷಿಯಾಗಿದ್ದ ಫುಜಿತ್ಸು ಎಂಜಿನಿಯರ್ ತನಗೆ ಗೊತ್ತಿದ್ದ ದೋಷಗಳನ್ನು ನ್ಯಾಯಾಲಯಕ್ಕೆ ತಿಳಿಸಿಲ್ಲ. ಆಗಸ್ಟ್‌ನಲ್ಲಿ ಅವರೇ ಇನ್ನೊಂದು ಬರೆದರು, ದೋಷಗಳ ಕುರಿತ ವಾರದ ಸಭೆಯ ಟಿಪ್ಪಣಿಗಳನ್ನು ನಾಶಮಾಡಲು ಸೂಚನೆ ಹೋಗಿದೆ ಎಂಬ ಬಗ್ಗೆ. ಈ ಕಾಗದಗಳು ಶಿಕ್ಷೆಗೊಳಗಾದವರ ವಕೀಲರ ಕೈಗೆ ಬರಲು ಏಳು ವರ್ಷಗಳಾದವು.

ಬೀಗ ತೆರೆದದ್ದು ಕ್ರಿಮಿನಲ್ ನ್ಯಾಯಾಲಯದಲ್ಲಲ್ಲ, ಸಿವಿಲ್ ದಾವೆಯಲ್ಲಿ. ಬೇಟ್ಸ್ ಮುಂದಾಳುತನದಲ್ಲಿ 555 ಜನ ಸೇರಿ ಹೂಡಿದ ಸಾಮೂಹಿಕ ದಾವೆ ಅದು. ಒಬ್ಬರಿಗೆ ಕೊಡದ ದಾಖಲೆಯನ್ನು 555 ಜನರಿಗೆ ಕೊಡಲೇಬೇಕಾಯಿತು. 2019ರ ಡಿಸೆಂಬರ್ 16ರ ತೀರ್ಪಿನಲ್ಲಿ ನ್ಯಾಯಮೂರ್ತಿ ಫ್ರೇಸರ್, ಪೋಸ್ಟ್ ಆಫೀಸಿನ ನಿರಾಕರಣೆಯನ್ನು ಭೂಮಿ ಚಪ್ಪಟೆಯಾಗಿದೆ ಎಂಬ ವಾದದ ಇಪ್ಪತ್ತೊಂದನೆಯ ಶತಮಾನದ ರೂಪ ಎಂದರು. ರಾಜಿಯಲ್ಲಿ ಸಿಕ್ಕಿದ್ದು 5.8 ಕೋಟಿ ಪೌಂಡ್‌ನಷ್ಟು. ವೆಚ್ಚ ಕಳೆದು ಜನರ ಕೈಗೆ ಬಂದದ್ದು ಸುಮಾರು 1.2 ಕೋಟಿ. ಹಣದ ದೃಷ್ಟಿಯಿಂದ ಅದು ಸೋಲೇ. ಆದರೆ ತೀರ್ಪು ಕೈಯಲ್ಲಿತ್ತು.

ಆ ತೀರ್ಪನ್ನು ಹಿಡಿದು ಕ್ರಿಮಿನಲ್ ಪ್ರಕರಣಗಳ ಮರುಪರಿಶೀಲನಾ ಆಯೋಗ ಮೇಲ್ಮನವಿಗೆ ಕಳುಹಿಸಿತು. 2020ರ ಡಿಸೆಂಬರ್‌ನಲ್ಲಿ ಮೊದಲ ಆರು ಶಿಕ್ಷೆಗಳು ರದ್ದಾದವು. 2021ರ ಏಪ್ರಿಲ್ 23ರಂದು ಮೇಲ್ಮನವಿ ನ್ಯಾಯಾಲಯ 42 ಜನರಲ್ಲಿ 39 ಜನರ ಶಿಕ್ಷೆ ರದ್ದು ಮಾಡಿತು. ಹ್ಯಾಮಿಲ್ಟನ್, ಮಿಶ್ರಾ, ಥಾಮಸ್ ಅವರಲ್ಲಿದ್ದರು. ವಕೀಲರು ಗಮನಿಸಬೇಕಾದದ್ದು ನ್ಯಾಯಾಲಯ ಹಾಕಿದ ಅಳತೆಗೋಲು. ಆಯಾ ಕಚೇರಿಯಲ್ಲಿ ಯಾವ ದೋಷ ಸಂಭವಿಸಿತು ತೋರಿಸಿ ಎಂದು ಅದು ಕೇಳಲಿಲ್ಲ. ಹೊರೈಜನ್‌ನ ನಂಬಲರ್ಹತೆ ಆ ಮೊಕದ್ದಮೆಗೆ ಅತ್ಯಗತ್ಯವಾಗಿತ್ತೇ ಎಂದು ಕೇಳಿತು. ಹೌದಾದರೆ, ದೋಷ ದಾಖಲೆ ಮುಚ್ಚಿಟ್ಟು ನಡೆಸಿದ ವಿಚಾರಣೆ ನ್ಯಾಯಯುತವಾಗಿರಲು ಸಾಧ್ಯವಿರಲಿಲ್ಲ, ಮೊಕದ್ದಮೆ ಹೂಡಿದ್ದೇ ಸಾರ್ವಜನಿಕ ಮನಸ್ಸಾಕ್ಷಿಗೆ ಅವಮಾನ ಎಂದಿತು. ಸೋತ ಮೂವರ ಪ್ರಕರಣದಲ್ಲಿ ಸಾಕ್ಷ್ಯ ಹೊರೈಜನ್ ಮೇಲೆ ನಿಂತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಕಂಡಿತು. ಮೊದಲ ಪರೀಕ್ಷೆಯಲ್ಲಿ ಬರೆದುಕೊಳ್ಳಿ ಎಂದ ವಾಕ್ಯ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆದರೂ 2024ರ ಆರಂಭದ ಹೊತ್ತಿಗೆ ರದ್ದಾಗಿದ್ದವು ಸುಮಾರು ನೂರು. ಹೆದರಿಕೆಯಿಂದ, ಬಳಲಿಕೆಯಿಂದ, ಸಾವಿನಿಂದ ಉಳಿದವರು ಮುಂದೆ ಬರಲಿಲ್ಲ. ಆ ಜನವರಿಯಲ್ಲಿ ಟಿವಿಯಲ್ಲಿ ಈ ಕಥೆಯ ನಾಟಕ ಸರಣಿ ಪ್ರಸಾರವಾಗಿ ದೇಶವೇ ಎದ್ದು ಕುಳಿತಿತು. 2024ರ ಮೇ 24ರಂದು ಕಾಯ್ದೆಯಾಯಿತು. 1996ರ ಸೆಪ್ಟೆಂಬರ್ 23ರಿಂದ 2018ರ ಕೊನೆಯವರೆಗಿನ ಇಂಥ ಶಿಕ್ಷೆಗಳು ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಅರ್ಜಿಯಿಲ್ಲದೆ ರದ್ದಾದವು. ಸ್ಕಾಟ್ಲೆಂಡ್ ತನ್ನದೇ ಕಾಯ್ದೆ ಮಾಡಿತು. ನ್ಯಾಯಾಲಯದ ತೀರ್ಪುಗಳನ್ನು ಸಂಸತ್ತು ಸಗಟಾಗಿ ಅಳಿಸುವುದು ಹಗುರವಾದ ಸಂಗತಿಯಲ್ಲ. ಅದನ್ನು ವಿರೋಧಿಸಿದ ನ್ಯಾಯಶಾಸ್ತ್ರಜ್ಞರ ಮಾತಿನಲ್ಲಿ ತೂಕವಿದೆ. ಆದರೆ ಒಂದೊಂದನ್ನೇ ತೊಳೆಯುತ್ತ ಹೋಗಿದ್ದರೆ ಬದುಕಿರುವವರೂ ಉಳಿಯುತ್ತಿರಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ಆಯೋಗದ 2025ರ ಜುಲೈ ವರದಿಯ ಪ್ರಕಾರ ಈ ಪ್ರಕರಣದಿಂದಾಗಿ ಕನಿಷ್ಠ 13 ಜನ ಆತ್ಮಹತ್ಯೆ ಮಾಡಿಕೊಂಡಿರಬಹುದು.

ದುರಸ್ತಿಯಾಗದೆ ಉಳಿದದ್ದು

ಮೇಲ್ಮನವಿ ನ್ಯಾಯಾಲಯ ಒಮ್ಮೆ ತಳ್ಳಿಹಾಕಿದವರ ಶಿಕ್ಷೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ. ಅವರು ಮತ್ತೆ ಮರುಪರಿಶೀಲನಾ ಆಯೋಗದ ಬಾಗಿಲನ್ನೇ ತಟ್ಟಬೇಕು. ಹೊರೈಜನ್‌ಗಿಂತ ಹಿಂದೆ, 1990ರ ದಶಕದಲ್ಲಿ, ಕ್ಯಾಪ್ಚರ್ ಎಂಬ ಇನ್ನೊಂದು ಲೆಕ್ಕದ ತಂತ್ರಾಂಶ ಇತ್ತು. ಅದು ಬರುತ್ತಿದ್ದದ್ದು ಫ್ಲಾಪಿ ಡಿಸ್ಕಿನಲ್ಲಿ. ಅದೂ ಇಲ್ಲದ ಕೊರತೆ ತೋರಿಸಿರುವ ಸಾಧ್ಯತೆ ಇದೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ವರದಿಯೊಂದು ಹೇಳಿತು. ಆ ಕಾಲದಲ್ಲಿ ಶಿಕ್ಷೆಯಾದವರ ಪ್ರಕರಣಗಳಲ್ಲಿ ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಗಬೇಕು: ಯಾವ ಆವೃತ್ತಿ, ಯಾವ ದಿನಾಂಕ, ಆ ಡಿಸ್ಕ್ ಯಾರ ಬಳಿ ಉಳಿದಿದೆ.